ಕೊಬ್ಬರಿ ಸೈಟಿನ ಸಿಗದ ಪುಟಗಳು

ತೋಟದ ಬೇಲಿಯಲ್ಲಿ ಒಂದು ಕಂಡಿ ಮುಚ್ಚಿದರೆ ದನ ಇನ್ನೊಂದು ಕಂಡಿ ಹುಡುಕಿಕೊಳ್ಳುತ್ತದೆ. ವೆಬ್‌ಸೈಟಿನ ಲಿಂಕುಗಳದ್ದೂ ಇದೇ ಕಥೆ ಎಂದು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು.

ನಾನು ಹಿಂದೆ ಇಂಥದ್ದನ್ನೆಲ್ಲ ಬರೆದವನಲ್ಲ. ಆದ್ದರಿಂದ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ಗೊತ್ತಾಗುವುದಿಲ್ಲ. ಎಲ್ಲವನ್ನೂ ಹೇಳಿಬಿಡುತ್ತೇನೆ, ಗೊತ್ತಿರುವವರು ದಾಟಿಕೊಂಡು ಓದಬಹುದು.

ತಿಪಟೂರಿನಲ್ಲಿ ನಾನು ಹದಿನಾಲ್ಕು ವರ್ಷ ಟೈಪ್‌ರೈಟಿಂಗ್ ಹೇಳಿಕೊಟ್ಟೆ. ಕಂಪ್ಯೂಟರ್ ಬಂದು ಆ ಸಂಸ್ಥೆ ಮುಚ್ಚಿತು. ಯಂತ್ರಗಳಿಗೆಲ್ಲ ಬಟ್ಟೆ ಹೊದಿಸಿ ಮನೆಗೆ ಬಂದೆ. ಆಮೇಲೆ ನಾನೂ ಕಂಪ್ಯೂಟರ್ ಕಲಿತೆ. ಎರಡು ಸಾವಿರದ ಆರೋ ಏಳೋ ಇರಬೇಕು, ತೆಂಗು ಬೆಳೆಗಾರರ ಒಂದು ಸಂಘದಲ್ಲಿ ಕೆಲಸ ಸಿಕ್ಕಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ಬೆಳೆಗಾರರು ಅದರ ಸದಸ್ಯರು. ಸಂಘಕ್ಕೆ ಒಂದು ವೆಬ್‌ಸೈಟಿತ್ತು. ಅಂದಂದಿನ ಕೊಬ್ಬರಿ ಧಾರಣೆ, ಬಿತ್ತನೆ ಕಾಯಿ ಸಿಗುವ ತೋಟಗಳ ವಿವರ, ಸಭೆಯ ಸುದ್ದಿ, ಇಷ್ಟು ಅದರಲ್ಲಿ ಬರುತ್ತಿದ್ದವು. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಲಿಂಕ್ ಎಂದರೆ ಕೈಮರ ಇದ್ದ ಹಾಗೆ. ಕವಲು ದಾರಿಯಲ್ಲಿ 'ಸಂಪಿಗೆಗೆ ಈ ಕಡೆ' ಎಂದು ಬರೆದು ನೆಟ್ಟಿರುತ್ತಾರಲ್ಲ, ಅದು. ಒತ್ತಿದರೆ ಆ ಪುಟಕ್ಕೆ ಹೋಗುತ್ತೀರಿ. ಲಿಂಕ್ ಮುರಿದಿದೆ ಎಂದರೆ ಕೈಮರ ಇದೆ, ಆದರೆ ಊರು ಇಲ್ಲ. ಯಾರೋ ಊರನ್ನು ಬೇರೆ ಕಡೆಗೆ ಎತ್ತಿಟ್ಟಿದ್ದಾರೆ, ಇಲ್ಲವೇ ಅಳಿಸಿದ್ದಾರೆ. ನನಗಿಂತ ಮೊದಲು ಸೈಟ್ ನೋಡಿಕೊಂಡವರು ಧಾರಾಳವಾಗಿ ಊರುಗಳನ್ನು ಎತ್ತಿಟ್ಟಿದ್ದರು.

ಇಂಥವನ್ನು ಪತ್ತೆ ಮಾಡಲು ಅನಲಿಟಿಕ್ಸ್ ಎಂಬುದಿದೆ. ಅದು ಜಗಲಿಯ ಮೇಲೆ ಕೂತ ಅಜ್ಜಿಯ ಹಾಗೆ. ಯಾರು ಬಂದರು, ಯಾವ ಊರ ಕಡೆಯಿಂದ ಬಂದರು, ಯಾರ ಮನೆ ಬಾಗಿಲು ತಟ್ಟಿದರು, ಯಾವ ಬಾಗಿಲು ತೆಗೆಯದೆ ವಾಪಸು ಹೋದರು, ಎಲ್ಲ ನೋಡುತ್ತಿರುತ್ತದೆ. ಕೇಳಿದರೆ ಗೆರೆ ಎಳೆದು ತೋರಿಸುತ್ತದೆ. ಹೆಸರು ಮಾತ್ರ ಹೇಳುವುದಿಲ್ಲ.

ಆ ಗೆರೆಯನ್ನು ನಾನು ಉತ್ಸಾಹದಿಂದ ಸಂಘದ ಕಾರ್ಯದರ್ಶಿಗಳಿಗೆ ತೋರಿಸಿದ್ದೇ ತಪ್ಪಾಯಿತು. "ಸಿಗದ ಪುಟಗಳು" ಎಂಬಲ್ಲಿ ನೂರಕ್ಕೂ ಮೇಲೆ ಅಂಕಿ ಇತ್ತು. ಅವರು ಕನ್ನಡಕ ಏರಿಸಿಕೊಂಡು ನೋಡಿದರು.

"ಇಷ್ಟು ದಿವ್ಸ ಈ ವಿಷ್ಯ ಯಾರ್ಗೂ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು. ಮಹಾಸಭೆ ಹೊತ್ಗೆ ಇದು ಸೊನ್ನೆ ಆಗ್ಬೇಕು ಮೇಷ್ಟ್ರೇ. ಇಲ್ದಿದ್ರೆ ಸೈಟು ಮುಚ್ಚಿ, ಮುಂಚಿನಂಗೆ ಬಾಗ್ಲಲ್ಲಿ ಬೋರ್ಡ್ ಮೇಲೆ ಧಾರಣೆ ಬರ್ಯಣ ಅಂತ ಕಮಿಟಿಯೋರು ಆಗ್ಲೇ ಅಂತಾವ್ರೆ."

ಸೈಟು ಮುಚ್ಚಿದರೆ ಅದರ ಮುಂದೆ ಇಟ್ಟ ಕುರ್ಚಿಯೂ ಬೇಕಾಗುವುದಿಲ್ಲ. ಒಮ್ಮೆ ಬಟ್ಟೆ ಹೊದಿಸಿ ಬಂದವನಿಗೆ ಎರಡನೇ ಸಲ ಹೊದಿಸುವ ತ್ರಾಣ ಇರಲಿಲ್ಲ. ಮಹಾಸಭೆಗೆ ಐದು ತಿಂಗಳಿತ್ತು.

೧. ಕ್ಷಮಿಸಿದ ಯಜಮಾನರು

ಪುಟ ಸಿಗದಿದ್ದಾಗ ಕಂಪ್ಯೂಟರ್ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಒಂದು ನಂಬರ್ ಬರುತ್ತದೆ. ನಮ್ಮ ರೈತರಿಗೆ ಅದು ಅರ್ಥವಾಗುವುದಿಲ್ಲ ಎಂದು ನಾನು ಕನ್ನಡದಲ್ಲಿ ಬರೆದು ಹಾಕಿದೆ. ಆಗೆಲ್ಲ ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಮೂಡುತ್ತಿರಲಿಲ್ಲ. ಬರೆದದ್ದನ್ನು ಚಿತ್ರ ಮಾಡಿ ಹಾಕಬೇಕಿತ್ತು. "ಕ್ಷಮಿಸಿ. ನೀವು ಹುಡುಕುತ್ತಿರುವುದು ಇಲ್ಲಿ ಇಲ್ಲ" ಎಂದು ಬರೆದು, ಕೆಳಗೆ ಆಫೀಸಿನ ಫೋನ್ ನಂಬರ್ ಕೊಟ್ಟೆ. ಯಾವ ಲಿಂಕ್ ಮುರಿದಿದೆ ಎಂದು ಜನರೇ ಹೇಳಲಿ ಎಂಬುದು ನನ್ನ ಯೋಚನೆ.

ಮರುದಿನವೇ ದಂಡಿನಶಿವರದಿಂದ ಒಬ್ಬ ಯಜಮಾನರ ಫೋನು ಬಂತು.

"ಅದ್ಯಾರಪ್ಪ, ಕ್ಷಮಿಸಿ ಅಂತ ಬರ್ದಿರೋರು?"

"ನಾನೇ ಸಾರ್. ಯಾವ ಪುಟ ಸಿಗ್ಲಿಲ್ಲ ಹೇಳಿ."

"ಪುಟ ಒತ್ತಟ್ಟಿಗಿರ್ಲಿ ಬುಡು. ನೀನು ಬೇಜಾರ್ ಮಾಡ್ಕಬ್ಯಾಡ. ಕ್ಷಮೆ ಕೇಳೋವಂತ ತೊಂದ್ರೆ ನಂಗೇನೂ ಆಗಿಲ್ಲ."

"ಸಂತೋಷ ಸಾರ್. ನೀವು ಯಾವುದನ್ನ ಒತ್ತಿದ್ರಿ?"

"ನಾನೆಲ್ಲಿ ಒತ್ತಿದೆ ಕಣಪ್ಪ, ಬ್ರೌಸಿಂಗ್ ಸೆಂಟ್ರಿನೋನು ಒತ್ತಿದ. ಅವುನ್ಗೂ ಹೇಳಿವ್ನಿ, ಹುಡುಕ್ದಾಗ ಸಿಗ್ದೆ ಇರೋದು ಇದ್ದಿದ್ದೇ, ಅದುಕ್ಕೆಲ್ಲ ಆ ಮನುಷ್ಯ ಯಾಕೆ ಕ್ಷಮೆ ಕೇಳ್ಬೇಕು ಅಂತ."

ಫೋನ್ ಇಟ್ಟರು. ಎರಡು ದಿನ ಬಿಟ್ಟು ಮತ್ತೆ ಫೋನು.

"ಇವತ್ತೂ ಕ್ಷಮಿಸಿ ಅಂತ ಬಂತಲ್ಲಪ್ಪ. ನಾನು ಅವತ್ತೇ ಕ್ಷಮ್ಸಿದ್ನಲ್ಲ?"

ಅದು ಎಲ್ಲರಿಗೂ ಬರುವ ಪುಟ, ನಿಮಗೊಬ್ಬರಿಗೇ ಬರೆದದ್ದಲ್ಲ ಎಂದು ನಾನು ವಿವರಿಸಿದೆ. ಕೈಮರದ ಉದಾಹರಣೆಯನ್ನೂ ಕೊಟ್ಟೆ. ಅವರು ಸಮಾಧಾನವಾಗಿ ಎಲ್ಲ ಕೇಳಿ "ಆಯ್ತು ಬುಡು" ಎಂದರು. ವಾರ ಕಳೆದು ಬಸ್ಸು ಹತ್ತಿ ಆಫೀಸಿಗೇ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ನನ್ನ ಎದುರಿನ ಕುರ್ಚಿಯಲ್ಲಿ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು. ಸದ್ಯ, ಯಾವ ಲಿಂಕ್ ಎಂದು ಈಗ ಗೊತ್ತಾಗುತ್ತದೆ ಎಂದು ನಾನು ಪೆನ್ನು ಹಿಡಿದುಕೊಂಡೆ.

ಅವರು ಮುಂದಕ್ಕೆ ಬಗ್ಗಿ, ದನಿ ತಗ್ಗಿಸಿ ಕೇಳಿದರು. "ನಾನೇನೂ ಅನ್ನಕಿಲ್ಲ, ಯಾರ್ಗೂ ಹೇಳಕಿಲ್ಲ. ಮನುಷ್ಯ ಇಷ್ಟು ಸಲ ಸುಮ್ಸುಮ್ನೆ ಕ್ಷಮೆ ಕೇಳಕಿಲ್ಲ. ನಿಜ ಹೇಳ್ಬುಡು, ನನ್ ತೋಟುಕ್ಕೆ ಏನ್ ಮಾಡಿದ್ಯಾ?"

ಆ ದಿನವೇ "ಕ್ಷಮಿಸಿ" ಎಂಬುದನ್ನೂ ಫೋನ್ ನಂಬರನ್ನೂ ತೆಗೆದೆ. "ನೀವು ಹುಡುಕುತ್ತಿರುವುದು ಇಲ್ಲಿ ಇಲ್ಲ" ಎಂಬುದಷ್ಟೇ ಉಳಿಯಿತು.

೨. ಎಳನೀರು

ಅನಲಿಟಿಕ್ಸ್ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಬಂದವರಲ್ಲಿ ಎಷ್ಟು ಜನ ಮೊದಲ ಪುಟ ನೋಡಿ, ಬೇರೆ ಯಾವುದನ್ನೂ ಮುಟ್ಟದೆ ಹಾಗೇ ಹೊರಟುಹೋದರು ಎಂಬುದು. ನಮ್ಮಲ್ಲಿ ಹೆಚ್ಚಿನವರು ಹಾಗೆಯೇ ಹೋಗುತ್ತಿದ್ದರು. ಇದನ್ನು ನಾನು ಹೇಳಬೇಕಾಗಿರಲಿಲ್ಲ. ಆದರೆ ತಿಂಗಳ ವರದಿಯಲ್ಲಿ ಅದು ತಾನಾಗಿ ಅಚ್ಚಾಗಿತ್ತು, ಕಾರ್ಯದರ್ಶಿಗಳ ಕಣ್ಣಿಗೆ ಬಿತ್ತು.

"ಏನ್ ಮೇಷ್ಟ್ರೇ ಇದು, ಬಂದೋರು ಬಾಗ್ಲಲ್ಲೇ ನಿಂತು ಹೊಂಟೋಯ್ತಾವ್ರೆ?"

"ಧಾರಣೆ ಮೊದಲ ಪುಟದಲ್ಲೇ ಇದೆ ಸಾರ್. ನೋಡ್ಕೊಂಡು ಹೋಗ್ತಾರೆ."

"ನೋಡ್ಕೊಂಡು ಹೋಗ್ತಾರೆ ಅಂದ್ರೆ? ಕೂತ್ಕೊಳ್ಳಿ ಅನ್ನೋರು ಬ್ಯಾಡ್ವೇನ್ರಿ? ಮನೆಗೆ ಬಂದೋರ್ನ ಒಂದು ಎಳನೀರೂ ಕೊಡ್ದೆ ಕಳ್ಸೋ ಜನ ನಾವು ಅಂತ ದೇಶಕ್ಕೆಲ್ಲ ಗೊತ್ತಾಯ್ತಲ್ಲ."

ಕಮಿಟಿಯಲ್ಲಿ ತೀರ್ಮಾನವಾಯಿತು. ಒಳ್ಳೇ ಎಳನೀರೊಂದನ್ನು ಕೆತ್ತಿಸಿ ಫೋಟೋ ತೆಗೆಸಿದರು. ಹಸಿರು ಬುರುಡೆ, ಬಾಯಲ್ಲಿ ಸ್ಟ್ರಾ. ಅದನ್ನು ಮೊದಲ ಪುಟದಲ್ಲಿ ಹಾಕಿ "ಬನ್ನಿ, ಎಳನೀರು ಕುಡಿದು ಹೋಗಿ" ಎಂದು ಬರೆಯಬೇಕು. ಒತ್ತಿದರೆ ಕಾರ್ಯದರ್ಶಿಗಳ ಸ್ವಾಗತ ಪತ್ರ ತೆರೆಯಬೇಕು. ಪತ್ರವನ್ನು ಸಂಜೆಯೊಳಗೆ ಬರೆದುಕೊಡುತ್ತೇನೆ, ನೀವು ಮುಂಚಿತವಾಗಿ ಲಿಂಕ್ ಹಾಕಿಬಿಡಿ ಎಂದರು. ಹಾಕಿದೆ. ಸಂಜೆ ಅವರು ತುರುವೇಕೆರೆಗೆ ಹೋದರು. ಮರುದಿನ ಯಾರದೋ ಗೃಹಪ್ರವೇಶ. ಅದರ ಮರುದಿನ ಅವರ ಮೊಣಕಾಲು ನೋವು.

ಆ ವಾರದ ಗೆರೆಯನ್ನು ಎರಡೆರಡು ಸಲ ನೋಡಿದೆ. ನಾನು ಎರಡು ತಿಂಗಳಲ್ಲಿ ಇಳಿಸಿದ್ದ ಅಂಕಿ ನಾಲ್ಕು ದಿನದಲ್ಲಿ ದುಪ್ಪಟ್ಟಾಗಿತ್ತು. ಹಿಂದೆ ಬಾಗಿಲಿನಲ್ಲೇ ವಾಪಸಾಗುತ್ತಿದ್ದ ಸಜ್ಜನರೆಲ್ಲ ಈಗ ಎಳನೀರನ್ನು ಒತ್ತುತ್ತಿದ್ದರು. ಒತ್ತಿದವರಿಗೆಲ್ಲ "ನೀವು ಹುಡುಕುತ್ತಿರುವುದು ಇಲ್ಲಿ ಇಲ್ಲ" ಎಂದು ಬರುತ್ತಿತ್ತು.

ನಾನು ಆ ವರದಿ ಹಿಡಿದುಕೊಂಡು ಕಾರ್ಯದರ್ಶಿಗಳ ಮನೆಗೇ ಹೋದೆ. ಅವರು ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು. ಅಂಕಿ ನೋಡಿ ಮುಖ ಅರಳಿತು.

"ನೋಡಿದ್ರಾ ಮೇಷ್ಟ್ರೇ, ಕರೀಬೇಕು. ಕರುದ್ರೆ ಜನ ಬತ್ತಾರೆ."

"ಬರ್ತಾರೆ ಸಾರ್. ಎಳನೀರು ಇಲ್ಲ ಅಂತ ಹೇಳಿ ಕಳಿಸ್ತಾ ಇದ್ದೀವಿ."

"ಇಲ್ಲ ಅಂತ ಬ್ಯಾಡ. ಕೀಳ್ಸಕ್ಕೆ ಆಳು ಹೋಗವ್ನೆ ಅಂತ ಬರೀರಿ."

೩. ತಿಂಗಳಿಗೊಂದು ದಿಬ್ಬ

ಎಳನೀರಿನ ಫೋಟೋದಿಂದ ಲಿಂಕ್ ಬಿಚ್ಚಿದ ಮೇಲೆ ಗೆರೆ ಇಳಿಯಿತು. ಮುರಿದ ಲಿಂಕುಗಳನ್ನು ಒಂದೊಂದಾಗಿ ಸರಿ ಮಾಡುತ್ತಾ ಬಂದೆ. ಆದರೆ ಆ ಗೆರೆಯಲ್ಲಿ ಒಂದು ವಿಚಿತ್ರ ಕಂಡಿತು. ಇಡೀ ತಿಂಗಳು ಚಪ್ಪಟೆಯಾಗಿರುತ್ತದೆ, ಒಂದು ದಿನ ಮಾತ್ರ ದಿಬ್ಬದ ಹಾಗೆ ಏಳುತ್ತದೆ. ಮರುದಿನ ಮತ್ತೆ ಚಪ್ಪಟೆ. ಇಪ್ಪತ್ತೊಂಬತ್ತು ಮೂವತ್ತು ದಿನ ಬಿಟ್ಟು ಮತ್ತೊಂದು ದಿಬ್ಬ.

ಕರೆಂಟು ಹೋಗುವುದರಿಂದ ಇರಬಹುದೆಂದು ಅದನ್ನು ಬರೆದಿಟ್ಟುಕೊಂಡೆ. ಕರೆಂಟು ದಿನಾ ಹೋಗುತ್ತಿತ್ತು. ಸೈಟ್ ಇಟ್ಟಿದ್ದ ಕಂಪನಿಗೆ ಫೋನ್ ಮಾಡಿದೆ, ನಮ್ಮಲ್ಲಿ ಏನೂ ತೊಂದರೆಯಿಲ್ಲ ಎಂದರು. ಕೊನೆಗೆ ವರದಿಯ ಹಾಳೆ ಹಿಡಿದುಕೊಂಡು ಸುಮ್ಮನೆ ಗೋಡೆ ನೋಡುತ್ತಾ ಕೂತಿದ್ದೆ. ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಗೆ ಕಪ್ಪು ಉಂಡೆ ಹಾಕಿರುತ್ತಾರೆ, ನೋಡಿರುತ್ತೀರಿ. ನನ್ನ ದಿಬ್ಬಗಳೆಲ್ಲ ಆ ಕಪ್ಪು ಉಂಡೆಗಳ ಮೇಲೇ ಎದ್ದಿದ್ದವು.

ಇಲ್ಲಿ ಒಂದು ಮಾತು ವಿವರಿಸಬೇಕು. ದಿನಕ್ಕೊಂದು ಧಾರಣೆ ಪುಟ. ಅದಕ್ಕೆ ಆ ದಿನದ ತಾರೀಖೇ ಹೆಸರು. ಸಗಟು ಧಾರಣೆಯ ವಿವರ ಬೇಕಾದವರು ಮೊದಲ ಪುಟದ ಲಿಂಕ್ ಒತ್ತಿದರೆ ಅದು ತಾನಾಗಿ ಆ ದಿನದ ಪುಟಕ್ಕೆ ಹೋಗುವಂತೆ ನಾನು ಮಾಡಿಟ್ಟಿದ್ದೆ. ಬೆಳಿಗ್ಗೆ ಹೊಸ ಪುಟ ಹಾಕಿ, ಹಿಂದಿನ ದಿನದ್ದನ್ನು ತೆಗೆಯುವ ಕೆಲಸ ನಮ್ಮ ಆಫೀಸಿನ ಗುಮಾಸ್ತೆಯವರದ್ದು. ಒಂದು ದಿನ ರಜೆ ಹಾಕದ, ಒಂದು ಅಂಕಿ ತಪ್ಪದ ಹೆಣ್ಣುಮಗಳು. ಅವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು.

"ಅಕ್ಕ, ಅಮಾವಾಸ್ಯೆ ದಿನ ಧಾರಣೆ ಪುಟ ಹಾಕ್ತಿಲ್ವಾ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅಮಾಸೆ ದಿನ ಯಾರಾದ್ರೂ ಹೊಸ ಪುಟ ಶುರು ಮಾಡ್ತಾರಾ ಸಾರ್? ಗಾಡಿಗೆ ಎತ್ತು ಕೂಡ ಕಟ್ಟಕಿಲ್ಲ."

"ಹಾಗಾದ್ರೆ ಹಿಂದಿನ ದಿನದ ಪುಟ ಆದ್ರೂ ಇರ್ಲಿ."

"ನಿನ್ನೆ ಧಾರಣೆ ಇವತ್ತು ತೋರ್ಸೋದಾ? ನಿನ್ನೆ ಅನ್ನ ಬಡ್ಸಿದಂಗೆ."

ಎರಡೂ ಕಡೆ ಬಾಗಿಲು ಮುಚ್ಚಿತು. ಜಗಳ ಮಾಡುವ ಶಕ್ತಿ ನನಗೆ ಇರಲಿಲ್ಲ, ಅವರು ಜಗಳ ಮಾಡುವವರೂ ಅಲ್ಲ. ಮಧ್ಯಾಹ್ನ ಊಟದ ಡಬ್ಬಿ ತೊಳೆಯುತ್ತಾ ಅವರೇ ದಾರಿ ಹೇಳಿದರು. ಅಮಾವಾಸ್ಯೆಯ ಪುಟವನ್ನು ಹಿಂದಿನ ದಿನವೇ ಖಾಲಿಯಾಗಿ ಶುರು ಮಾಡಿ ಇಡುವುದು. ಅಮಾವಾಸ್ಯೆ ದಿನ ಬರೀ ಅಂಕಿ ತುಂಬುವುದು. ಶುರು ಮಾಡಿದ್ದನ್ನು ಮುಂದುವರಿಸಲು ದೋಷವಿಲ್ಲವಂತೆ.

ಮುಂದಿನ ಅಮಾವಾಸ್ಯೆ ನೆಟ್ಟಗೆ ಕಳೆಯಿತು. ಗೆರೆ ತೊಳೆದ ನೆಲದ ಹಾಗಿತ್ತು. ಹದಿನೈದು ದಿನ ಕಳೆದು, ನಡುವೆ, ಹುಣ್ಣಿಮೆಯ ದಿನ ದಿಬ್ಬವೊಂದು ಎದ್ದಿತು. ಹುಣ್ಣಿಮೆಗೆ ಯಾವ ದೋಷವಪ್ಪ ಎಂದುಕೊಂಡು ಅಕ್ಕನ ಮೇಜಿಗೆ ಹೋದೆ. ಅಕ್ಕ ಮಧ್ಯಾಹ್ನವೇ ಮನೆಗೆ ಹೋಗಿದ್ದರು. ಪುಟ ಖಾಲಿಯೂ ಇರಲಿಲ್ಲ, ತುಂಬಿಯೂ ಇರಲಿಲ್ಲ, ಇರಲೇ ಇಲ್ಲ. ಅವತ್ತು ಗ್ರಹಣ. ಕೀಬೋರ್ಡಿನ ಮೇಲೆ ಎರಡು ಎಳೆ ದರ್ಭೆ ಇಟ್ಟಿತ್ತು.

೪. ಸರದಿ

ಚಿಕ್ಕನಾಯಕನಹಳ್ಳಿ ಕಡೆಯ ಅಣ್ಣತಮ್ಮಂದಿರಿಬ್ಬರು ನಮ್ಮ ಸಂಘದ ಸದಸ್ಯರು. ಅವರ ತೋಟದ ಬಿತ್ತನೆ ಕಾಯಿಗೆ ಒಳ್ಳೇ ಹೆಸರು. ನಮ್ಮ ಸೈಟಿನಲ್ಲಿ ಅವರ ತೋಟಕ್ಕೊಂದು ಪುಟವಿತ್ತು. ದೂರದೂರದ ಸೈಟುಗಳು ಆ ಪುಟಕ್ಕೆ ಲಿಂಕ್ ಕೊಟ್ಟಿದ್ದವು. ಒಂದು ದಿನ ಅಣ್ಣ ಬಂದು "ನಾವು ಭಾಗ ಆದ್ವಿ, ಜಂಟಿ ಪುಟ ತೆಗೆದು ನನ್ನದೊಂದು ಬ್ಯಾರೆ ಮಾಡಿ" ಎಂದರು. ಮಾಡಿಕೊಟ್ಟೆ. ಮಾರನೇ ವಾರ ತಮ್ಮ ಬಂದರು. ಅವರಿಗೂ ಒಂದು ಮಾಡಿಕೊಟ್ಟೆ. ಹಳೇ ವಿಳಾಸ ಅನಾಥವಾಯಿತು. ಸಿಗದ ಪುಟಗಳ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಬಂತು. ಹೊರಗಿನಿಂದ ಬಿತ್ತನೆ ಕಾಯಿ ಕೇಳಿಕೊಂಡು ಬಂದವರೆಲ್ಲ ಅಲ್ಲಿಗೇ ಬರುತ್ತಿದ್ದರು.

ವಿಳಾಸ ಒಂದೇ, ಅದನ್ನು ಯಾರಾದರೂ ಒಬ್ಬರ ಪುಟಕ್ಕೆ ತಿರುಗಿಸಬೇಕು. ಇಬ್ಬರನ್ನೂ ಕರೆಸಿದೆ. ಕಾರ್ಯದರ್ಶಿಗಳು ನಡುವೆ ಕೂತರು.

ನಮ್ಮ ಕಡೆ ಭಾಗ ಮಾಡುವುದಕ್ಕೆ ಒಂದು ಕ್ರಮವಿದೆ. ಹಿರಿಯ ಭಾಗ ಹಾಕುತ್ತಾನೆ, ಕಿರಿಯ ಮೊದಲು ಆರಿಸಿಕೊಳ್ಳುತ್ತಾನೆ. ಅಣ್ಣ ಭಾಗ ಹಾಕಿದರು. ತೋಟದ ದೊಡ್ಡ ಫೋಟೋ ಒಂದು ಪಾಲು, ಬರೀ ವಿಳಾಸ ಇನ್ನೊಂದು ಪಾಲು. ಕಣ್ಣಿಗೆ ಕಾಣದ ವಿಳಾಸ ಯಾರಿಗೆ ಬೇಕು ಎಂದು ಅವರ ಲೆಕ್ಕಾಚಾರ. ತಮ್ಮ ವಿಳಾಸ ಆರಿಸಿಕೊಂಡರು.

"ಅದ್ಯಾಕ್ಲಾ ಅದು ನಿಂಗೆ?" ಎಂದರು ಅಣ್ಣ.

"ನೀನ್ ಬ್ಯಾಡ ಅಂತ ಬುಟ್ಯಲ್ಲ, ಅದುಕ್ಕೆ."

ಅಣ್ಣ ನನ್ನ ಕಡೆ ತಿರುಗಿದರು. "ಸಾರ್, ಜನ ಬರೋದು ಫೋಟೋಗಾ, ವಿಳಾಸಕ್ಕಾ?"

ನಾನು ಸುಳ್ಳು ಹೇಳಬಹುದಿತ್ತು. ಆದರೆ ವರದಿ ಮೇಜಿನ ಮೇಲೇ ಇತ್ತು. ವಿಳಾಸಕ್ಕೆ ಎಂದೆ. ಆಮೇಲೆ ಒಂದು ಗಂಟೆ ಹೊತ್ತು ಆ ಕೋಣೆಯಲ್ಲಿ ನಡೆದದ್ದನ್ನು ಬರೆಯುವುದಿಲ್ಲ. ಕೊನೆಗೆ ಕಾರ್ಯದರ್ಶಿಗಳೇ ಕೇಳಿದರು. "ಬಾವಿ ಏನ್ಮಾಡ್ಕಂಡ್ರಯ್ಯಾ?"

"ಬಾವಿ ಒಂದೇ. ಸರ್ದಿ ಮೇಲೆ ಮಡೆ ತಿರುಗ್ಸಿ ನೀರು ಕಟ್ಕತೀವಿ. ಒಂದಿನ ಅವುಂದು, ಒಂದಿನ ನಂದು," ಎಂದರು ಅಣ್ಣ.

"ಇದೂ ಹಂಗೇ ಆಗ್ಲಿ. ಮೇಷ್ಟ್ರು ತಿರುಗಿಸ್ತಾರೆ."

ಹೀಗೆ ನನಗೆ ಯಾವ ಕಂಪ್ಯೂಟರ್ ಪುಸ್ತಕದಲ್ಲೂ ಇಲ್ಲದ ಕೆಲಸವೊಂದು ಅಂಟಿಕೊಂಡಿತು. ದಿನಾ ಬೆಳಿಗ್ಗೆ ಆಫೀಸಿಗೆ ಬಂದು ಆ ಲಿಂಕನ್ನು ಒಂದು ದಿನ ಅಣ್ಣನ ಪುಟಕ್ಕೆ, ಒಂದು ದಿನ ತಮ್ಮನ ಪುಟಕ್ಕೆ ತಿರುಗಿಸಬೇಕು. ಒಮ್ಮೆ ಅಮ್ಮಸಂದ್ರದಲ್ಲಿ ನಂಟರ ಮದುವೆಗೆ ಹೋಗಿ ಮರೆತೇಬಿಟ್ಟೆ. ಎಲೆಯ ಮುಂದೆ ಕೂತು ಪಾಯಸಕ್ಕೆ ಕೈ ಹಾಕಿದ್ದೇನೆ, ಮೊಬೈಲು ಹೊಡೆದುಕೊಂಡಿತು. ತಮ್ಮನ ದನಿ, ಬೇಸರವೇನೂ ಇರಲಿಲ್ಲ.

"ಸಾರ್, ಇವತ್ತು ನನ್ ಸರ್ದಿ. ಬೆಳಗ್ನಿಂದ ಅಣ್ಣನ್ ಕಡೀಕೇ ಹರೀತೈತೆ. ಊಟ ಆದ್ಮೇಲೆ ಬಂದು ವಸಿ ಮಡೆ ತಿರುಗ್ಸಿ."

೫. ಬೆಳಗಿನ ಆರು ಗಂಟೆ

ಮಹಾಸಭೆಗೆ ಮೂರು ವಾರ ಇರುವಾಗ ಸಿಗದ ಪುಟಗಳ ಪಟ್ಟಿಯಲ್ಲಿ ಉಳಿದದ್ದು ಒಂದೇ ಒಂದು. ಎಂಟು ದಿನ ನೋಡಿದೆ. ದಿನಾ ಒಂದೇ, ದಿನಾ ಬೆಳಿಗ್ಗೆ ಆರು ಗಂಟೆಗೆ, ತಿಪಟೂರಿನಿಂದಲೇ. ಅದಕ್ಕೆ ಯಾವ ಲಿಂಕೂ ಇರಲಿಲ್ಲ. ಯಾರೋ ನಮ್ಮ ಸೈಟಿನ ವಿಳಾಸ ಬರೆದು, ಮುಂದೆ ಒಂದು ಗೀಟು ಹಾಕಿ, ತಾವೇ ಒಂದು ಪದ ಟೈಪ್ ಮಾಡುತ್ತಿದ್ದರು. ಆ ಪದ, ಇಂಗ್ಲಿಷ್ ಅಕ್ಷರದಲ್ಲಿ, "ಕಳ್ಳ" ಎಂಬುದಾಗಿತ್ತು.

ಕಾರ್ಯದರ್ಶಿಗಳಿಗೆ ತೋರಿಸಿದೆ. ಅವರು ಬಾಗಿಲು ಮುಚ್ಚಿ ಬಂದರು.

"ಯಾವನೋ ಬೆಳಗಾಗೆದ್ದು ನಮ್ ಸಂಘಕ್ಕೆ ಕಳ್ಳ ಅಂತಾವ್ನೆ. ಯಾರು ಅಂತ ಹೇಳಕಿಲ್ವಾ ನಿಮ್ ಮಿಷನ್ನು?"

"ಹೆಸರು ಹೇಳಲ್ಲ ಸಾರ್. ಅಧ್ಯಕ್ಷರನ್ನ ಕೇಳೋಣವಾ? ಅವರಿಗೆ ಊರೆಲ್ಲ ಗೊತ್ತು."

"ಬ್ಯಾಡ, ಬ್ಯಾಡ. ಅವರ್ಗೆ ಬೀಪಿ. ಮರ್ಯಾದಸ್ಥ್ರು, ಮನ್ಸಿಗೆ ಹಚ್ಕಂಬುಡ್ತಾರೆ. ಅವರ್ ಕಿವಿಗೆ ಬೀಳ್ದಂಗೆ ನೀವೇ ಏನಾರ ಮಾಡಿ ಸೊನ್ನೆ ಮಾಡಿ."

ನಾನು ಏನು ಮಾಡಲಿ? ಯಾರೋ ಬೈಯುವುದನ್ನು ಲಿಂಕ್ ಸರಿ ಮಾಡಿ ನಿಲ್ಲಿಸಲಾಗುವುದಿಲ್ಲ. ಒಂದೊಂದು ಬೆಳಿಗ್ಗೆಯೂ ಆರು ಗಂಟೆಗೆ ಎಚ್ಚರವಾಗಿ, ಈಗ ಟೈಪ್ ಮಾಡುತ್ತಿರುತ್ತಾನೆ ಎಂದುಕೊಂಡು ಹಾಸಿಗೆಯಲ್ಲಿ ಬಿದ್ದಿರುತ್ತಿದ್ದೆ. ಸಭೆಯ ಹಿಂದಿನ ದಿನವೂ ಒಂದು ಬಂತು. ಉಳಿದಿದ್ದ ದಾರಿ ಒಂದೇ. ಆ ವಿಳಾಸಕ್ಕೆ ಯಾರೇ ಬಂದರೂ "ಇಲ್ಲಿ ಇಲ್ಲ" ಎಂದು ಹೇಳದೆ, ನೇರ ನಮ್ಮ ಮೊದಲ ಪುಟಕ್ಕೆ ಕರೆದುಕೊಂಡು ಹೋಗುವಂತೆ ತಿರುಗಿಸಿಬಿಡುವುದು. ಆಗ ಪುಟ ಸಿಕ್ಕಿತು ಎಂದೇ ಅರ್ಥ. ಸಂಜೆ ಐದು ನಿಮಿಷದಲ್ಲಿ ಮುಗಿಸಿದೆ. ಇಷ್ಟು ಸುಲಭದ್ದನ್ನು ಮೂರು ವಾರ ಯಾಕೆ ಮಾಡಲಿಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಮಾರನೇ ದಿನ ಸಭೆಗೆ ಹೊರಡುವ ಮುಂಚೆ ನೋಡಿದೆ. ಸಿಗದ ಪುಟಗಳು: ಸೊನ್ನೆ. ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ರಟ್ಟಿಗೆ ಅಂಟಿಸಿಕೊಂಡು ಹೋದೆ.

ಮೂರು ತಾಲ್ಲೂಕಿನ ಸದಸ್ಯರೂ ಬಂದಿದ್ದರು. ನಾನು ಎದ್ದು ನಿಂತು, ಲಿಂಕ್ ಎಂದರೇನು ಎಂಬಲ್ಲಿಂದ ಶುರು ಮಾಡಿ ಕೊನೆಗೆ ಸೊನ್ನೆ ತೋರಿಸಿದೆ. ಕಾರ್ಯದರ್ಶಿಗಳು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಆಗ ಅಧ್ಯಕ್ಷರು ಮೈಕು ತೆಗೆದುಕೊಂಡರು. ಮುಖ ಗಂಟಿಕ್ಕಿಕೊಂಡಿತ್ತು.

"ಮೇಷ್ಟ್ರು ಎಲ್ಲ ಸರಿ ಆಯ್ತು ಅಂತಾವ್ರೆ. ನಾನು ಹೇಳ್ತೀನಿ, ಇಷ್ಟು ದಿನ ಸರಿಯಾಗಿತ್ತು, ಇವತ್ತು ಬೆಳಿಗ್ಗೆ ಕೆಟ್ಟೋಗೈತೆ."

ಅವರು ನಿಧಾನವಾಗಿ ಹೇಳಿದರು. ಅವರ ತೋಟಕ್ಕೆ ಕಾವಲಿನವನಿದ್ದಾನೆ. ನಲವತ್ತು ವರ್ಷದಿಂದ ಅವರದೊಂದು ಅಭ್ಯಾಸ. ಬೆಳಕು ಹರಿಯುವ ಹೊತ್ತಿಗೆ ಬೇಲಿಯ ಹತ್ತಿರ ನಿಂತು "ಕಳ್ಳ" ಎಂದು ಒಂದು ಕೂಗು ಹಾಕುವುದು. ಒಳಗಿನಿಂದ "ಇಲ್ಲಿ ಯಾರೂ ಇಲ್ಲ ಯಜಮಾನ್ರೇ" ಎಂದು ಉತ್ತರ ಬಂದರೆ ಕಾವಲಿನವನು ಎದ್ದಿದ್ದಾನೆ, ತೋಟ ಭದ್ರವಾಗಿದೆ ಎಂದು ಅರ್ಥ. ವೆಬ್‌ಸೈಟಿಗೂ ಕಳ್ಳರು ನುಗ್ಗುತ್ತಾರೆ ಎಂದು ಯಾವುದೋ ಸಭೆಯಲ್ಲಿ ನಾನೇ ಹೇಳಿದ್ದೆನಂತೆ. ಅಂದಿನಿಂದ ಮೊಮ್ಮಗಳ ಹತ್ತಿರ ಕಲಿತು, ದಿನಾ ಬೆಳಿಗ್ಗೆ ಸೈಟಿಗೂ ಒಂದು ಕೂಗು ಹಾಕುತ್ತಿದ್ದರು.

"ನಾನು ಕಳ್ಳ ಅಂತಿದ್ದೆ. ಅದು ಮರ್ಯಾದೆಯಾಗಿ, ನೀವು ಹುಡುಕುತ್ತಿರುವುದು ಇಲ್ಲಿ ಇಲ್ಲ ಅಂತಿತ್ತು. ನೆಮ್ದಿಯಾಗಿ ಕಾಫಿ ಕುಡೀತಿದ್ದೆ. ಒಂದಿನ ತಪ್ಪಿಲ್ಲ. ಮೇಷ್ಟ್ರು ಕೆಲ್ಸದಲ್ಲಿ ಗಟ್ಟಿಗ ಅಂತ ಮನೇಲೂ ಹೇಳಿದ್ದೆ. ಇವತ್ತು ಬೆಳಿಗ್ಗೆ ಕಳ್ಳ ಅಂದೆ."

ಅವರು ನನ್ನ ಕಡೆ ತಿರುಗಿದರು.

ಎಲ್ಲವನ್ನೂ ಹೇಳುತ್ತೇನೆ ಎಂದು ಶುರು ಮಾಡಿದವನು ಒಂದನ್ನು ಹೇಳಲು ಮರೆತಿದ್ದೇನೆ. ನಮ್ಮ ಸೈಟಿನ ಮೊದಲ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಏನಿದೆ ಎಂಬುದು. ಅಲ್ಲಿ ಅಧ್ಯಕ್ಷರ ಫೋಟೋ ಇದೆ. ಪೇಟ ಸುತ್ತಿಕೊಂಡು, ಕೈ ಮುಗಿದುಕೊಂಡು, ನಗುತ್ತಾ ನಿಂತಿದ್ದಾರೆ. ಕೆಳಗೆ ಅವರ ಹೆಸರಿದೆ.

"ನಾನೇ ಬಂದೆ," ಎಂದರು ಅಧ್ಯಕ್ಷರು. "ಕೈ ಬ್ಯಾರೆ ಮುಗ್ಕಂಡು."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಇನ್ಯಾರೋ ಟವೆಲನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ಮಾತ್ರ ನಗಲಿಲ್ಲ, ನಾನೂ ನಗಲಿಲ್ಲ. ಸೊನ್ನೆಯ ರಟ್ಟನ್ನು ಹಿಂದುಮುಂದಾಗಿ ತಿರುಗಿಸಿ ಹಿಡಿದುಕೊಂಡೆ. ಬೆಳಿಗ್ಗೆ ಮೊಮ್ಮಗಳೂ ಪಕ್ಕದಲ್ಲೇ ಇದ್ದಳಂತೆ, ತಾತ ಎರಡನೇ ಸಲ ಒತ್ತಿ ನೋಡು ಎಂದಳಂತೆ, ಎರಡನೇ ಸಲವೂ ಅವರೇ ಬಂದರಂತೆ.

ನಾನು ಎದ್ದು ನಿಂತು, ಸಂಜೆಯೊಳಗೆ ಮೊದಲಿದ್ದ ಹಾಗೇ ಕೆಡಿಸಿಕೊಡುತ್ತೇನೆ ಎಂದೆ. ಆದರೆ ಆಗ ಅಂಕಿ ಸೊನ್ನೆ ಆಗುವುದಿಲ್ಲ, ಒಂದು ಉಳಿಯುತ್ತದೆ, ಸೊನ್ನೆ ಆಗದಿದ್ದರೆ ಸೈಟು ಮುಚ್ಚಬೇಕೆಂದು ಕಮಿಟಿಯ ಮಾತಿದೆ ಎಂಬುದನ್ನೂ ವಿವರಿಸಿದೆ.

"ಮುಚ್ಚೋದಾ?" ಎಂದರು ಅಧ್ಯಕ್ಷರು. "ಮುಚ್ಚಿದ್ರೆ ನಾನು ಬೆಳಿಗ್ಗೆ ಯಾರ್ನ ಕೂಗ್ಲಿ?"

ಅಲ್ಲೇ ಠರಾವು ಆಯಿತು. ಸೈಟು ಮುಂದುವರಿಯತಕ್ಕದ್ದು, ಎಲ್ಲ ಪುಟಗಳೂ ಸಿಗತಕ್ಕದ್ದು, ಅದೊಂದು ಮಾತ್ರ ಯಾವ ಕಾರಣಕ್ಕೂ ಸಿಗಕೂಡದು, ಅದು ಸಿಕ್ಕ ದಿನ ಮೇಷ್ಟ್ರ ಕೆಲಸ ಹೋಗತಕ್ಕದ್ದು.